ಗುತ್ತಲು ರಸ್ತೆಯ ಫಿಯಟ್ಟು

ಮೂರು ಊರಿಂದ ಮೂರು ಪೆಟ್ಟಿಗೆ ಬಂದವು.
ಕೊಯಮತ್ತೂರಿಂದ ಎರಡು ಬಾಯಿಯ ಕಾರ್ಬುರೇಟರು,
ಪುಣೆಯಿಂದ ರೇಸಿನ ಕ್ಯಾಮು,
ಶಿವಾಜಿನಗರದ ಗುಜರಿಯಿಂದ
ನನ್ನ ತೋಳು ಹೋಗಿಬರುವಷ್ಟು ದಪ್ಪದ ಸೈಲೆನ್ಸರು.
ಬಟ್ಟೆ ಹಾಸಿ, ಮದುವೆ ಒಡವೆಯ ಹಾಗೆ
ಮರಿಲಿಂಗಣ್ಣನ ಮುಂದೆ ಹರಡಿದೆ.

ಅವನು ಮುಟ್ಟಲಿಲ್ಲ.
ಬೀಡಿ ಕಿವಿಯ ಮೇಲಿತ್ತು, ಅಲ್ಲೇ ಇತ್ತು.
ಶೆಡ್ಡಿನೊಳಗೆ ಅರವತ್ತಾರರ ಫಿಯಟ್ಟು
ಹಲ್ಲು ಕಟ್ಟಿಸಲು ಕೂತ ಮುದುಕಿಯಂತೆ
ಬಾಯಿ ತೆರೆದು ಕಾಯುತ್ತಿತ್ತು.
ಹೊರಗೆ ಕಬ್ಬಿನ ಗಾಡಿಗಳು ಒಂದರ ಹಿಂದೊಂದು,
ಗಾಳಿಗೆ ಕಾಕಂಬಿಯ ವಾಸನೆ.

"ಎಲ್ಲಿಗೆ ಓಡುಸ್ತೀಯೆ ಇದ?"
ಅಷ್ಟೇ ಕೇಳಿದ್ದು.

ಎಲ್ಲಿಗೆ ಅಂದರೆ?
ನಾನು ಕುದುರೆಗಳ ಲೆಕ್ಕ ತಂದಿದ್ದೆ,
ಯಾವ ಪೆಟ್ಟಿಗೆಯಿಂದ ಎಷ್ಟು ಕುದುರೆ ಹೆಚ್ಚುತ್ತವೆ
ಎಂದು ಔಷಧಿ ಬಿಲ್ಲಿನ ಹಿಂದೆ ಕೂಡಿ ಬರೆದಿದ್ದೆ.
ಹಗಲೆಲ್ಲ ಮಾತ್ರೆ ಎಣಿಸಿಕೊಡುವವನಿಗೆ,
"ಇದರ ಜೊತೆ ಅದನ್ನ ತಗೋಬೇಡಿ,
ಎರಡೂ ಒಳ್ಳೆಯವೇ, ಒಂದಕ್ಕೊಂದು ಆಗಲ್ಲ"
ಎಂದು ದಿನಕ್ಕೆ ಹತ್ತು ಸಲ ಹೇಳುವವನಿಗೆ
ಹೊಳೆದಿರಲಿಲ್ಲ.

"ನಾಲೆ ಏರಿ ಮೇಲೆ," ಅಂದೆ ಕೊನೆಗೆ,
"ರಾತ್ರಿ ಅಂಗಡಿ ಮುಚ್ಚಿದ ಮೇಲೆ. ಒಬ್ಬನೇ."

"ಅಂಗಾದ್ರೆ ಈ ಬಾಯಿ ದೊಡ್ದಾಯ್ತು.
ನಾಕು ಸಾವ್ರ ಸುತ್ತು ಸುತ್ತೋಗಂಟ ಉಸುರೇ ಎಳೆಯಾಕಿಲ್ಲ ಇದು.
ಕ್ಯಾಮು ಕಂಪ್ರೆಸನ್ ಕೇಳ್ತದೆ,
ಕಂಪ್ರೆಸನ್ ಏರ್ಸುದ್ರೆ ಗ್ಯಾಸ್ಕೆಟ್ ಅಳ್ತದೆ.
ಓಡೋದು ಆಮೇಲೆ. ನಿಲ್ಸಾಕೆ ಏನ್ ತಂದಿದ್ದೀ?"

ನಿಲ್ಲಿಸಲು ನಾನೇನೂ ತಂದಿರಲಿಲ್ಲ.

ಆಗ ಅವನಪ್ಪನ ಎತ್ತಿನ ಮಾತು ತೆಗೆದ.
ಸುಳಿ ನೋಡಿ, ಕೊಂಬು ನೋಡಿ, ಸಾಲ ಮಾಡಿ ತಂದ
ಹಳ್ಳಿಕಾರ್ ಹೋರಿ; ಎರಡೇ ಹಲ್ಲು, ಬೆಂಕಿ.
ನೊಗದ ಆ ಕಡೆ ಮನೆಯ ಬಾಯ್ಗೂಡಿದ ಎತ್ತು.
"ಗಾಡಿ ಮುಂದುಕ್ ಓಗ್ಲಿಲ್ಲ ಕಣಪ್ಪ.
ಕಣದಲ್ಲೇ ಗುಂಡಗೆ ಸುತ್ತಿತು."
ಬೀಡಿ ಈಗ ಹಚ್ಚಿದ.

ಮೂರು ತಿಂಗಳಾಯಿತು.
ಮೊದಲು ಬ್ರೇಕು, ಆಮೇಲೆ ರೇಡಿಯೇಟರು:
ಯಾರಿಗೂ ತೋರಿಸಿ ಮೆರೆಯಲಾಗದ ಖರ್ಚು.
ಲೇತಿನಂಗಡಿಯ ನಝೀರಾ ಬೋರು ಹಿಡಿದು
ಪಿಸ್ಟನ್ನಿನ ಸುತ್ತ ಕೂದಲೆಳೆಯ ಸಂದು ಬಿಟ್ಟಳು.
"ಇದು ಬಿಸಿಯ ಪಾಲು," ಅಂದಳು,
"ಇದನ್ನೂ ನೀನೇ ತಿಂದರೆ ಹಿಡ್ಕೊಳ್ಳುತ್ತೆ."
ಹಳೆಯ ಕ್ಯಾಮನ್ನೇ ಒಂಚೂರು ಉಜ್ಜಿಸಿದೆವು.
ಕಾರ್ಬುರೇಟರು ಕಂಪನಿಯದಕ್ಕಿಂತ ಒಂದೇ ಅಳತೆ ಮೇಲೆ.
ಸೈಲೆನ್ಸರಿನೊಳಗೆ ಈಗ ಎರಡು ಬೆರಳು ಹೋಗುತ್ತವೆ, ಸಾಕು.

ಪುಣೆಯ ಕ್ಯಾಮನ್ನು ಮೈಸೂರಿನ ಹುಡುಗನೊಬ್ಬ ಕೊಂಡ,
ಕಣ್ಣು ಮಿನುಗುತ್ತಿತ್ತು ಅವನದು.
ಎಲ್ಲಿಗೆ ಓಡಿಸುತ್ತೀಯ ಅಂತ ನಾನು ಕೇಳಲಿಲ್ಲ.
ಕೇಳಬೇಕಿತ್ತು.
ಕೊಯಮತ್ತೂರಿನದು ಶೆಡ್ಡಿನ ಕಿಟಕಿಯಲ್ಲಿದೆ,
ಎರಡೂ ಬಾಯಿ ತುಂಬ ನಟ್ಟು.

ಮೊದಲ ರಾತ್ರಿ ನಾಲೆ ಏರಿಯ ಮೇಲೆ
ಒತ್ತಿದೆ; ಒತ್ತಿದಷ್ಟು ಬಂತು.
ಎಂಥ ದೊಡ್ಡ ವೇಗವೂ ಅಲ್ಲ,
ಹೊಸ ಡಿಸೈರೊಂದು ಹಾರ್ನು ಹೊಡೆದು ದಾಟಿಯೂ ಹೋಯಿತು.
ಆದರೆ ಕಾಲಿಗೂ ಚಕ್ರಕ್ಕೂ ನಡುವೆ
ಜಗಳವಾಡುವವರು ಯಾರೂ ಇರಲಿಲ್ಲ.
ತೂಬಿನ ಬಳಿ ನಿಲ್ಲಿಸಿದೆ, ನಿಂತಿತು.
ಆಫ್ ಮಾಡದೆ ಹಾಗೇ ಕೂತೆ.
ಇಂಜಿನ್ನಿನ ಗೊಣಗಿನ ಸಂದಿನಲ್ಲಿ
ಗದ್ದೆಯ ಕಪ್ಪೆಗಳು ಕೇಳಿಸಿದವು,
ಒಂದೊಂದೇ, ಬೇರೆಬೇರೆಯಾಗಿ.

ಮುಗಿದಿಲ್ಲ ಇನ್ನೂ.
ಟಾಪಿನಲ್ಲಿ ಅರವತ್ತು ದಾಟಿದರೆ ಹಿಂದೆ ಏನೋ ಕೊರಗುತ್ತದೆ,
ಆಕ್ಸಲ್ಲಿನ ಲೆಕ್ಕ ಇವತ್ತಿಗೂ ಕೂಡಿಲ್ಲ.
ಮಳವಳ್ಳಿ ಕಡೆ ಒಂದಿದೆಯಂತೆ,
ಯಾರದೋ ಹಿತ್ತಿಲ ಕೋಳಿಗೂಡಿನ ಕೆಳಗೆ.
ಭಾನುವಾರ ಹೋಗಬೇಕು ನಾನೂ ಮರಿಲಿಂಗಣ್ಣನೂ,
ಮಣ್ಣು ಒರೆಸಿ
ಹಲ್ಲು ಎಣಿಸಬೇಕು.